ತಂಬೂರಿ ಗದ್ದಲವಲ್ಲ

2020ರ ಲಾಕ್‌ಡೌನಿನಲ್ಲಿ ನನ್ನ ಸಂಗೀತದ ಪಾಠ ನಡುಮನೆಯ ಚಾಪೆಯಿಂದೆದ್ದು ಮೊಬೈಲಿನೊಳಗೆ ಹೋಯಿತು. ಹತ್ತು ವರ್ಷದ ಹುಡುಗಿಯೊಬ್ಬಳು ಸರಳೆ ವರಸೆ ಹಾಡುತ್ತಿದ್ದಳು. ತಾರ ಷಡ್ಜದಲ್ಲಿ ಕಾರ್ವೆ ಕೊಟ್ಟು ನಿಲ್ಲು ಎಂದರೆ, ಕ್ಷಣ ಕೇಳಿಸಿ ದನಿ ಅಡಗಿಬಿಡುತ್ತಿತ್ತು.

"ಉಸಿರು ಸಾಲದು ಪುಟ್ಟೀ. ತಂಬೂರಿ ಕೇಳಿಸಿಕೊಂಡು ಹಾಡು" ಎಂದು ಗದರಿದೆ.

"ತಂಬೂರಿ ಕೇಳ್ತಾನೇ ಇಲ್ಲ ಮಿಸ್" ಎಂದಳು. ನೆಪವೆಂದುಕೊಂಡೆ. ಮೂರು ತಿಂಗಳಿಗೆ ಅವಳಮ್ಮ, "ಅವಳಿಗೆ ಸಂಗೀತ ಒಗ್ಗಲಿಲ್ಲ ಬಿಡಿ" ಎಂದು ಪಾಠ ಬಿಡಿಸಿದರು.

ಆಮೇಲೊಂದು ದಿನ ನನ್ನ ಮಗ ಪಕ್ಕದ ಕೋಣೆಯ ಫೋನಿನಲ್ಲಿ ನನ್ನ ಪಾಠವನ್ನು ನನಗೇ ಕೇಳಿಸಿದ. ಅದರಲ್ಲಿ ತಂಬೂರಿಯೇ ಇರಲಿಲ್ಲ! ಏರಿಳಿತವಿಲ್ಲದೆ ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುವುದು ಅಲ್ಲಿನ ಗದ್ದಲ ನಿವಾರಣೆಯ ಕೆಲಸವಂತೆ. ಅದಕ್ಕೆ ನನ್ನ ತಂಬೂರಿಯೂ ಫ್ಯಾನೇ, ಆ ಮಗುವಿನ ಕಾರ್ವೆಯೂ ಫ್ಯಾನೇ.

ಇದನ್ನು ಕಟ್ಟಿದ್ದು ಆಫೀಸಿನ ಮೀಟಿಂಗಿಗೆ. ಅಲ್ಲಿ ಮಾತಿನ ಅರ್ಥ ತಿಳಿದರೆ ಸಾಕು. ಹಳೆಯ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. "ಊಟ ಆಯ್ತಾ" ಎಂದು ಕೇಳಲು ಅದು ಧಾರಾಳವಾಯಿತು. ಆದರೆ 'ಸ' ಅಕ್ಷರದ ಸೀಟಿಯಂಥ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಹಾಗೆ ಹಿಂಡಿದ ದನಿಯಲ್ಲಿ ಸಂಗೀತವಿರಲಿ, ಇಂಗ್ಲಿಷಿನ ಎಸ್ ಯಾವುದು, ಎಫ್ ಯಾವುದು ಎಂದೂ ಮಗುವಿಗೆ ತಿಳಿಯದು. ಅರ್ಥ ಊಹಿಸಿಕೊಳ್ಳುವುದು ದೊಡ್ಡವರ ಅಭ್ಯಾಸ. ಕಲಿಯುವವರಿಗೆ ಕಿವಿಗೆ ಬಿದ್ದದ್ದೇ ಪಾಠ.

"ನೆಟ್‌ವರ್ಕ್ ಸಾಲದು, ಏನು ಮಾಡೋಣ?" ಎನ್ನುತ್ತಾರೆ. ಸುಳ್ಳು ನೆಪ ಅದು. ಎಲ್ಲರೂ ಉಚಿತವಾಗಿ ಬಳಸಬಹುದಾದ ಓಪಸ್ ಎಂಬ ಸಂಕೋಚನ ವಿಧಾನ 2012ರಲ್ಲೇ ಬಂದಿದೆ. ಸೆಕೆಂಡಿಗೆ 64ರಿಂದ 128 ಕಿಲೋಬಿಟ್ ಸಿಕ್ಕರೆ ಅದು ಸಂಗೀತವನ್ನು ಚೆನ್ನಾಗಿಯೇ ದಾಟಿಸುತ್ತದೆ. ಮುಖ ತೋರಿಸುವ ವಿಡಿಯೋ ಅದರ ಹಲವು ಪಟ್ಟು ನುಂಗುತ್ತದೆ. ಆದರೂ ಪಾಠ ನಡೆಸುವ ಸಂಸ್ಥೆಗಳು ಕೇಳುವುದೇನು? "ಕ್ಯಾಮೆರಾ ಆನ್ ಮಾಡಿ." ಟೀಚರ ಹಿಂದೆ ಬಣ್ಣದ ಪರದೆ ಬೇಕು, ಮುಂದೆ ಬೆಳಕು ಬೇಕು. ದನಿ ಹೇಗಿದೆಯೆಂದು ಕೇಳುವವರಿಲ್ಲ. ಫೀಸು ಮಾತ್ರ ಪೂರ್ತಿ.

ನಾನೀಗ ಗದ್ದಲ ನಿವಾರಣೆಯನ್ನು ಆರಿಸಿಯೇ ಪಾಠ ಶುರುಮಾಡುತ್ತೇನೆ. ಸೆಟ್ಟಿಂಗಿನ ಯಾವುದೋ ಮೂಲೆಯಲ್ಲಿ ಆ ಗುಂಡಿ ಇರುತ್ತದೆ, ಹುಡುಕಬೇಕು. ಎರಡೂ ಕಡೆ ತಂತಿಯ ಇಯರ್‌ಫೋನ್ ಇರಲಿ ಎನ್ನುತ್ತೇನೆ. ನೆಟ್‌ವರ್ಕ್ ಕೈಕೊಟ್ಟರೆ ನನ್ನ ಮುಖ ಹೋಗಲಿ. ಅದನ್ನು ನೋಡಿ ಯಾರೂ ರಾಗ ಕಲಿಯಬೇಕಾಗಿಲ್ಲ.

ತಾಯಂದಿರೇ, ಫೀಸು ಕಟ್ಟುವ ಮುನ್ನ ಒಂದು ಪಾಠ ನೀವೂ ಕೂತು ಕೇಳಿ. ನಿಮಗೇ ಸ್ಪಷ್ಟವಾಗಿ ಕೇಳಿಸದಿದ್ದರೆ ಮಗುವನ್ನು ಬೈಯಬೇಡಿ, ಸಂಸ್ಥೆಯವರನ್ನು ಕೇಳಿ.

ಆ ಹುಡುಗಿ ಈಗ ಬೆಳೆದಿದ್ದಾಳೆ. ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ. ತಪ್ಪು ನಿನ್ನದಲ್ಲ ಎಂದು ಹೇಳಿದ್ದೇನೆ. "ಇರಲಿ ಬಿಡಿ ಮಿಸ್" ಎಂದಳು. ಹಾಡಲು ಮಾತ್ರ ಮತ್ತೆ ಬರಲಿಲ್ಲ.