ಕಂಬ ಹತ್ತಿದರಷ್ಟೇ ಸಾಲದು

ಮುಗದದ ನಮ್ಮ ಕೇರಿಯ ಹುಡುಗನೊಬ್ಬ ಇಂಜಿನಿಯರಿಂಗ್ ಕಾಲೇಜು ಬಿಟ್ಟು ಊರಿಗೆ ಬಂದು ಕೂತಿದ್ದಾನೆ. ಸಿಕ್ಕಿದ್ದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಸೀಟು. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಫೇಲು. "ಎಲ್ಲಾ ಇಂಗ್ಲಿಷಿನ್ಯಾಗ ಹೇಳ್ತಾರ. ನಾ ಬರಕೊಳ್ಳೂದರಾಗ ಬೋರ್ಡ್ ಅಳಿಸ್ತಾರ. ಕೇಳಿದ್ರ ಹುಡುಗ್ರು ನಗತಾರ, ಕೋಟಾದಾಂವ ಅಂತಾರ" ಎನ್ನುತ್ತಾನೆ. ಅವನವ್ವ ಭತ್ತದ ಗದ್ದೆಯಲ್ಲಿ ಕಳೆ ತೆಗೆಯುವ ಕೂಲಿ. ಊರಿನ ದೊಡ್ಡವರು ಅವಳಿಗೆ ಬುದ್ಧಿ ಹೇಳಿದ್ದಾರೆ: "ಕಂಬಾ ಹತ್ತಲಿ ಬಿಡು. ಅದೂ ಕರೆಂಟಿನ ಕೆಲಸಾನ ಅಲ್ಲೇನು?"

ಈ ಮಾತಿಗೆ ನಾವು ಉತ್ತರ ಕೊಡಬೇಕು.

ಕಂಬ ಹತ್ತುವುದು ಕೀಳು ಕೆಲಸವಲ್ಲ. ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಆದರೆ ಕಂಬ ಎಲ್ಲಿ ನೆಡಬೇಕು, ಟ್ರಾನ್ಸ್‌ಫಾರ್ಮರ್ ಯಾವ ಓಣಿಗೆ ಬೇಕು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವವನು ಬೇರೆ. ಎಷ್ಟೋ ಊರುಗಳಲ್ಲಿ ಆ ಗೆರೆ ಕೇರಿಗೆ ಕಡೆಗೆ ಬಂತು. ಗೆರೆ ಎಳೆದ ಕೈಗಳಲ್ಲಿ ನಮ್ಮ ಕೈ ಇರಲಿಲ್ಲ.

ಬಾಬಾಸಾಹೇಬರನ್ನು ನಾವು ಸಂವಿಧಾನದ ಪುಸ್ತಕದೊಡನೆ ಮಾತ್ರ ನೆನೆಯುತ್ತೇವೆ. 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತೂ ಅವರ ಖಾತೆಯಲ್ಲೇ ಇತ್ತು. ದೇಶಕ್ಕೆ ವಿದ್ಯುತ್ತು ಅಗ್ಗವಾಗಿ, ಹೇರಳವಾಗಿ ಸಿಗಬೇಕೆಂದು 1943ರಲ್ಲೇ ವಾದಿಸಿದವರು ಅವರು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದೂ ಅದೇ ಕಾಲದಲ್ಲಿ, 1944ರಲ್ಲಿ. ಬೆಳಕೂ ಬೇಕು, ಬೆಳಕಿನ ವಿದ್ಯೆಯೂ ಬೇಕು.

ಆ ವಿದ್ಯೆಗೆ ಗಣಿತ ಯಾಕೆ? ನಾಗಝರಿಯಲ್ಲಿ ಕಾಳಿ ನದಿಯ ನೀರು ಟರ್ಬೈನು ತಿರುಗಿಸುತ್ತದೆ, ಜನರೇಟರು ತಿರುಗುತ್ತದೆ, ಕರೆಂಟು ಹುಟ್ಟುತ್ತದೆ. ನಮ್ಮ ಮನೆಗೆ ಬರುವ ಆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತದೆ. ಆ ಏರಿಳಿತವನ್ನು ಲೆಕ್ಕದಲ್ಲಿ ಹಿಡಿಯಲು ಸೈನು, ಕೊಸೈನು, ಸಮ್ಮಿಶ್ರ ಸಂಖ್ಯೆ ಬೇಕು. ಇದೇನು ಬ್ರಹ್ಮವಿದ್ಯೆಯಲ್ಲ. ಕನ್ನಡದಲ್ಲಿ ಕೂಡಿಸಿಕೊಂಡು ಹೇಳಿದರೆ ನಮ್ಮ ಹುಡುಗರಿಗೆ ತಿಳಿಯುತ್ತದೆ.

ಹೇಳುವವರು ಯಾರು? ಇಲ್ಲಿ ನಮ್ಮ ತಪ್ಪೂ ಇದೆ. ನಾವು ಆರ್ಟ್ಸ್ ಓದಿದವರು, ಗಣಿತ ಕಂಡು ಓಡಿದವರು. ಕವಿತೆ ಓದಿದೆವು, ಮೆರವಣಿಗೆ ತೆಗೆದೆವು. ಸೀಟು ಸಿಕ್ಕಾಗ ಹಾರ ಹಾಕಿದೆವು. ಅವನು ಫೇಲಾದ ದಿನ ಪಕ್ಕದಲ್ಲಿ ಕೂತು ಪುಸ್ತಕ ತೆರೆಯಲಿಲ್ಲ.

2016ರಲ್ಲಿ ಧಾರವಾಡದಲ್ಲಿ ಐಐಟಿ ಶುರುವಾಯಿತು. ಮೊದಲ ಮೂರು ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಒಂದು. ಐಐಟಿಗಳಲ್ಲಿ ನೂರಕ್ಕೆ 15 ಸೀಟು ಪರಿಶಿಷ್ಟ ಜಾತಿಗೆ, ಬೋಧನಾ ಶುಲ್ಕವೂ ಮಾಫಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿದವರಿಗೆ ಬಿ.ಇ. ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಬಾಗಿಲು ಇದೆ. ಹೊಸ್ತಿಲು ದಾಟಿಸುವವರು ಬೇಕು.

ಇಂಜಿನಿಯರಾಗಿ ನೌಕರಿ ಹಿಡಿದು ಪಟ್ಟಣ ಸೇರಿದ ನಮ್ಮ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಿಂದ ಚಂದಾ ಕೇಳುತ್ತಿಲ್ಲ. ತಿಂಗಳಿಗೆ ಒಂದು ರವಿವಾರ ಕೊಡ್ರಿ. ಕೇರಿಗೆ ಬಂದು ಗಣಿತ ಹೇಳಿಕೊಡ್ರಿ. ಚಾಪೆ ಹಾಸಿ, ಚಹಾ ಮಾಡಿಸಿ ನಾವೂ ಕೂಡುತ್ತೇವೆ.

ತಮ್ಮಾ, ನಿನಗೂ ಒಂದು ಮಾತು. ಫೇಲಾದ ವಿಷಯ ಮತ್ತೆ ಬರೆಯಬಹುದು. ಬಿಟ್ಟ ಸೀಟು ಮತ್ತೆ ಸಿಗೂದಿಲ್ಲ. ನಾಳೆ ಮುಂಜಾನೆ ಬಸ್ಸಿಗೆ ನಡಿ. ನಿನ್ನ ಜೋಡಿ ನಾವೂ ಬರ್ತೇವಿ.

ಜೈ ಭೀಮ್.