ಒಲೆಯೂ ಅವರದೇ, ಸೌದೆಯೂ ಅವರದೇ



ಹುಣಸೂರು, ಪಿರಿಯಾಪಟ್ಟಣದ ಕಡೆಯ ಮನೆಗಳಿಗೆ ಹೊಗೆಸೊಪ್ಪಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೊಬ್ಬರಕ್ಕೆ ಸಾಲ, ಬ್ಯಾರನ್ ರಿಪೇರಿಗೆ ಸಾಲ, ಸೌದೆಗೆ ಸಾಲ. ಹರಾಜಿನಲ್ಲಿ ಸೊಪ್ಪು ಮಾರಾಟವಾದ ಮೇಲೆ ಸಾಲ ಮುರಿದುಕೊಂಡು ಉಳಿದದ್ದಷ್ಟೇ ಕೈಗೆ ಬರುತ್ತದೆ. ಕೆ.ಆರ್. ನಗರದಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಕೇಳಿದಳು: "ಆಪಾ, ಬಾಂಗ್ಲಾದೇಶ, ಈಜಿಪ್ಟ್‌ನವರೆಲ್ಲ ರಷ್ಯಾದಿಂದ ಅಣುಸ್ಥಾವರ ಕಟ್ಟಿಸಿಕೊಳ್ಳುತ್ತಿದ್ದಾರಂತೆ. ಅವರ ಹತ್ತಿರ ಅಷ್ಟೊಂದು ದುಡ್ಡು ಎಲ್ಲಿಂದ ಬಂತು?"

ದುಡ್ಡೂ ರಷ್ಯಾದ್ದೇ ಎಂದೆ. ಅವಳು ನಂಬಲಿಲ್ಲ.

ರೊಸಾಟಮ್ ಎಂಬುದು ರಷ್ಯಾ ಸರಕಾರದ ಅಣುಶಕ್ತಿ ನಿಗಮ. 2007ರಲ್ಲಿ ಕಾನೂನಿನ ಮೂಲಕ ಅದಕ್ಕೆ ಈ ರೂಪ ಬಂತು. ಯುರೇನಿಯಂ ಅಗೆಯುವುದು, ಇಂಧನ ತಯಾರಿಸುವುದು, ಸ್ಥಾವರ ಕಟ್ಟುವುದು, ಕೊನೆಗೆ ಆ ದೇಶದ ಅಣ್ವಸ್ತ್ರಗಳ ಕೆಲಸ ಕೂಡಾ ಅದರದೇ. ಬಾಂಗ್ಲಾದೇಶದ ರೂಪ್‌ಪುರದಲ್ಲಿ ಪದ್ಮಾ ನದಿಯ ದಡದಲ್ಲಿ ಅದು ಕಟ್ಟುತ್ತಿರುವ ಸ್ಥಾವರದ ಖರ್ಚು 1,265 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 90 ಪಾಲು ರಷ್ಯಾ ಕೊಟ್ಟ ಸಾಲ. ಈಜಿಪ್ಟಿನ ಅಲ್ ದಬಾ ಸ್ಥಾವರಕ್ಕೆ 2,500 ಕೋಟಿ ಡಾಲರ್ ಸಾಲ, ನೂರಕ್ಕೆ 3ರ ಬಡ್ಡಿ. 2016ರಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ ಅಸಲಿನ ಕಂತು ಶುರುವಾಗುವುದು 2029ರಲ್ಲಿ, ನಡೆಯುವುದು 22 ವರ್ಷ. (ಬಡ್ಡಿಯ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆಂದು ನಿಮಗೆ ಗೊತ್ತು. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.) ಟರ್ಕಿಯ ಅಕ್ಕುಯುವಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ರೊಸಾಟಮೇ ಕಟ್ಟಿ, ತಾನೇ ಒಡೆಯನಾಗಿ ವಿದ್ಯುತ್ ಮಾರುತ್ತದೆ. ಯೂನಿಟ್ಟಿಗೆ 12.35 ಸೆಂಟ್‌ನಂತೆ 15 ವರ್ಷ ಕೊಳ್ಳುತ್ತೇವೆಂದು ಟರ್ಕಿ ಮಾತು ಕೊಟ್ಟಿದೆ.

ಸಾಲ ತೀರಿದರೆ ಮುಗಿಯಿತೇ? ಇಲ್ಲ. ಅಂಥ ಸ್ಥಾವರಕ್ಕೆ ಪುಷ್ಟೀಕರಿಸಿದ ಯುರೇನಿಯಂ ಬೇಕು. ಲೋಕದಲ್ಲಿ ಹಾಗೆ ಪುಷ್ಟೀಕರಿಸುವ ಸಾಮರ್ಥ್ಯದ ನೂರಕ್ಕೆ ಸುಮಾರು 40 ಪಾಲು ರೊಸಾಟಮ್ ಕೈಯಲ್ಲಿದೆ. ಒಲೆ ಮಾರಿದವರೇ ಸೌದೆಯನ್ನೂ ಮಾರುತ್ತಾರೆ. ಒಲೆ ಉರಿಯುವುದೋ, 60 ವರ್ಷ! 2022ರ ಮಾರ್ಚ್‌ನಲ್ಲಿ ರಷ್ಯಾದ ಸೇನೆ ಉಕ್ರೇನಿನ ಜಪೋರಿಜಿಯಾ ಅಣುಸ್ಥಾವರವನ್ನು ವಶಪಡಿಸಿಕೊಂಡಿತು. ಆಮೇಲೆ ರೊಸಾಟಮಿನ ಜನ ಅದರೊಳಗೆ ಬಂದು ಕುಳಿತರು. ಆದರೂ ಬಲಿಷ್ಠ ದೇಶಗಳು ಈ ನಿಗಮದೊಂದಿಗೆ ವ್ಯಾಪಾರ ನಿಲ್ಲಿಸಲು ತಡವರಿಸಿದವು. ಅಮೆರಿಕ 2024ರಲ್ಲಿ ರಷ್ಯಾದ ಯುರೇನಿಯಂ ಆಮದಿಗೆ ನಿಷೇಧ ಹಾಕಿತು, ಆದರೆ ತನಗೇ 2027ರ ಕೊನೆಯವರೆಗೆ ವಿನಾಯಿತಿಯ ಬಾಗಿಲು ಇಟ್ಟುಕೊಂಡಿತು. ಅಮೆರಿಕದ ಗತಿಯೇ ಹೀಗಾದರೆ ಬಾಂಗ್ಲಾದೇಶದ ಪಾಡೇನು? ಡಾಲರ್‌ನಲ್ಲಿ ಕಂತು ಕಟ್ಟುವ ದಾರಿ ಮುಚ್ಚಿ, 2023ರಲ್ಲಿ ಚೀನಾದ ಯುವಾನ್‌ನಲ್ಲಿ ಕಟ್ಟಲು ಒಪ್ಪಬೇಕಾಯಿತು.

ಇದು ಪರರ ಕಥೆ ಎಂದುಕೊಳ್ಳಬೇಡಿ. ಮುಂಬಯಿ ಬಳಿಯ ತಾರಾಪುರ ಸ್ಥಾವರಕ್ಕೆ 30 ವರ್ಷ ಇಂಧನ ಕೊಡುತ್ತೇನೆಂದು ಅಮೆರಿಕ 1963ರಲ್ಲಿ ಒಪ್ಪಂದ ಮಾಡಿತ್ತು. ನಾವು 1974ರಲ್ಲಿ ಪೋಖ್ರಾನ್‌ನಲ್ಲಿ ಅಣು ಸ್ಫೋಟ ನಡೆಸಿದೆವು. ಅಮೆರಿಕ 1978ರಲ್ಲಿ ಹೊಸ ಕಾನೂನು ತಂದು ಕೈ ಬಿಗಿ ಮಾಡಿತು. ಕೊನೆಗೆ ಫ್ರಾನ್ಸ್‌ನ ಬಾಗಿಲು ತಟ್ಟಬೇಕಾಯಿತು. ರಾಜಸ್ಥಾನದಲ್ಲಿ ಕಟ್ಟುತ್ತಿದ್ದ ಕೆನಡಾ ಕೂಡಾ ಅರ್ಧದಲ್ಲೇ ಎದ್ದುಹೋಯಿತು. ಉಳಿದದ್ದನ್ನು ನಮ್ಮ ಇಂಜಿನಿಯರುಗಳೇ ಪೂರ್ತಿಗೊಳಿಸಿದರು.

ಕಾರವಾರ ತಾಲೂಕಿನ ಕೈಗಾ ಆ ಕಲಿಕೆಯ ಫಲ. ಕಾಳಿ ನದಿಯ ದಡದಲ್ಲಿ 220 ಮೆಗಾವ್ಯಾಟ್‌ನ 4 ಘಟಕಗಳಿವೆ. ಇವಕ್ಕೆ ಪುಷ್ಟೀಕರಿಸಿದ ಯುರೇನಿಯಂ ಬೇಡ, ಸಹಜ ಯುರೇನಿಯಂ ಸಾಕು. ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ, ಮುಂದೆ ಕೆನಡಾದ ಘಟಕವೊಂದು ಅದನ್ನು ಮುರಿಯಿತು. ಹೊಗಳುವಾಗ ಉಳಿದದ್ದನ್ನು ಮುಚ್ಚಿಡಬಾರದು. 1994ರಲ್ಲಿ ಕಟ್ಟುತ್ತಿದ್ದಾಗಲೇ ಅಲ್ಲಿನ ಗುಮ್ಮಟದ ಕಾಂಕ್ರೀಟು ಕುಸಿದಿತ್ತು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣದ ಟ್ರಿಟಿಯಂ ಬೆರೆಸಿ, ಹತ್ತಾರು ಕೆಲಸಗಾರರು ಅದನ್ನು ಕುಡಿದಿದ್ದರು.

ಆದರೆ ನಾವೂ ಪೂರ್ತಿ ನಮ್ಮ ಕಾಲ ಮೇಲೆ ನಿಂತಿಲ್ಲ. ತಮಿಳುನಾಡಿನ ಕೂಡಂಕುಳಂ ರಷ್ಯಾದೊಂದಿಗೆ 1988ರಲ್ಲಿ ಆದ ಒಪ್ಪಂದದ ಸ್ಥಾವರ. ಇಂಧನ ಅಲ್ಲಿಂದಲೇ ಬರುತ್ತದೆ. ರೂಪ್‌ಪುರದ ಸುಟ್ಟ ಇಂಧನವನ್ನಾದರೂ ರಷ್ಯಾ ವಾಪಸು ಒಯ್ಯುವ ಒಪ್ಪಂದವಿದೆ. ಕೂಡಂಕುಳಂನ ಬೂದಿ ಮಾತ್ರ ನಮ್ಮಲ್ಲೇ ಉಳಿಯುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ದುರಂತದ ನಂತರ ಪಕ್ಕದ ಇಡಿಂತಕರೈಯ ಮೀನುಗಾರ ಹೆಂಗಸರು ಚರ್ಚಿನ ಮುಂದಿನ ಚಪ್ಪರದಲ್ಲಿ ತಿಂಗಳುಗಟ್ಟಲೆ ಕುಳಿತರಲ್ಲ, ಆ ಬೂದಿಯ ಪ್ರಶ್ನೆಯೂ ಅವರದಾಗಿತ್ತು. ಕಬಿನಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಎಚ್.ಡಿ. ಕೋಟೆಯ ಜನರಿಗೆ ಅವರ ಸಂಕಟ ಬೇಗ ಅರ್ಥವಾದೀತು.

ಇಷ್ಟೆಲ್ಲ ಕೇಳಿದ ಮೇಲೆ ಆ ಹುಡುಗಿ ಅಂದಳು: "ಹಾಗಾದರೆ ಅವರಿಗೆ ಕರೆಂಟು ಬೇಡವೇ ಆಪಾ? ಕರೆಂಟು ಹೋದರೆ ನಮಗೇ ಎಷ್ಟು ಕಷ್ಟ!" ಅವಳ ಮಾತು ಸುಳ್ಳಲ್ಲ. ಢಾಕಾದ ತಾಯಿಗೂ ಮಗುವಿನ ತಲೆಯ ಮೇಲೆ ಫ್ಯಾನ್ ತಿರುಗಬೇಕು. ನಾನು ಸ್ಥಾವರ ಬೇಡ ಎನ್ನಲಿಲ್ಲ. ಕಾಗದದಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದೆ, ಅಷ್ಟೆ.

ಅವಳು ಸ್ವಲ್ಪ ಹೊತ್ತು ಬೆರಳೆಣಿಸುತ್ತಾ ಕುಳಿತಳು. 2029ಕ್ಕೆ 22 ಸೇರಿದರೆ 2051. ಅವಳ ಕಿರಿಯ ಮಗಳು ಈಗಷ್ಟೇ ನನ್ನ ಬಳಿ ಅಲಿಫ್, ಬೇ ಕಲಿಯುತ್ತಿದ್ದಾಳೆ. "ಅಷ್ಟರಲ್ಲಿ ಇವಳ ಮಕ್ಕಳು ನಿಮ್ಮ ಮದ್ರಸಾಕ್ಕೆ ಬಂದಿರುತ್ತಾರೆ" ಎಂದು ಹೇಳಿ, ಮಗುವನ್ನು ಎತ್ತಿಕೊಂಡು ಹೊರಟಳು.