ಶಾಲೆಯ ಲೆಕ್ಕವು ಯಾರ ಮುಂದೆ?

ಶಾಲೆಯ ಸ್ಮರಣಸಂಚಿಕೆಯನ್ನು ಹೊರಡಿಸುವಾಗ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಶೇಕಡಾ ಪ್ರಮಾಣವನ್ನೂ, ಕಟ್ಟಿಸಿದ ಕೋಣೆಗಳ ಸಂಖ್ಯೆಯನ್ನೂ, ದಾನಿಗಳ ಹೆಸರುಗಳನ್ನೂ ಅಚ್ಚುಹಾಕಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಯೋಗ್ಯವಾದುದೇ ಸರಿ. ಆದರೆ ಒಂದು ಶಾಲೆಯ ಕ್ಷೇಮವು ಅದರ ಆವಾರದ ಗೋಡೆಗಳೊಳಗೆ ಮಾತ್ರವೇ ನಿರ್ಣಯವಾಗುವುದಿಲ್ಲ. ನಮ್ಮಲ್ಲಿಗೆ ಎಂಟನೆಯ ಇಯತ್ತೆಗೆ ಬಂದು ಸೇರುವ ಹುಡುಗಿಯರಲ್ಲಿ ಅನೇಕರು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ಕಲಿತವರು. ಆ ಶಾಲೆಗಳನ್ನು ಯಾರು ಆಳುತ್ತಾರೆ, ಅವುಗಳಿಗೆ ಹಣವೆಲ್ಲಿಂದ ಬರುತ್ತದೆ, ಅವುಗಳ ಫಲವೇನು ಎಂಬ ವಿಚಾರವು ನಮಗೆ ಪರರ ಮನೆಯ ಮಾತಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ನಮ್ಮ ವಾಚಕರ ಮುಂದೆ ಆ ವಿಚಾರವನ್ನಿಡುತ್ತೇವೆ.

ಈಗ ಒಂದೇ ಗದಗ ಜಿಲ್ಲೆಯಲ್ಲಿರುವ ನಮ್ಮ ಊರುಗಳು ಹಿಂದೆ ಒಂದೇ ಆಳಿಕೆಗೆ ಒಳಪಟ್ಟಿರಲಿಲ್ಲ. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಒಂದೇ ಸೀಮೆಯಲ್ಲಿ ಮೂರು ಸರಕಾರಗಳು, ಮೂರು ಬೊಕ್ಕಸಗಳು. ೧೯೪೮ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ೧೯೯೭ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾಯಿತು. ಅದರ ಈಚೆಗೆ ಲಕ್ಷ್ಮೇಶ್ವರವೂ ಶಿರಹಟ್ಟಿಯಿಂದ ಬೇರ್ಪಟ್ಟು ತಾಲೂಕಾಯಿತು. ಇಷ್ಟು ಸಲ ಮೇರೆಗಳು ಬದಲಾದರೂ ಬದಲಾಗದೆ ಉಳಿದ ಪ್ರಶ್ನೆಯೊಂದಿದೆ. ಹಣ ಕೊಡುವ ಪ್ರಜೆಯು ಶಾಲೆಯ ಲೆಕ್ಕವನ್ನು ಕೇಳಬಹುದೇ?

ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದುದು ೧೮೪೧ರಲ್ಲಿ. ಆಗ ಸರಕಾರಕ್ಕೆ ವಿದ್ಯಾಖಾತೆಯೆಂಬುದೇ ಇರಲಿಲ್ಲ. ೧೮೫೪ರಲ್ಲಿ ಬಂದ ವುಡ್ ಸಾಹೇಬರ ಶಿಕ್ಷಣಪತ್ರವು ಖಾಸಗಿ ಶಾಲೆಗಳಿಗೂ ಸಹಾಯಧನ ಕೊಡಬೇಕೆಂಬ ತತ್ವವನ್ನು ಒಪ್ಪಿತು. ಅದರ ಮರುವರುಷ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಏರ್ಪಟ್ಟಿತು. ಬಳಿಕ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಪಟ್ಟಿಯನ್ನು ಎತ್ತಿ, ಅದರಲ್ಲಿ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಡುವ ಕ್ರಮ ಬಂದಿತು. ೧೮೬೯ರಲ್ಲಿ ಅದಕ್ಕೆ ಕಾಯಿದೆಯ ಬಲವೂ ದೊರೆಯಿತು. ಎರೆಯ ಹೊಲದಲ್ಲಿ ಹತ್ತಿ ಬೆಳೆದ ಒಕ್ಕಲಿಗನು ತನ್ನ ಮಗಳನ್ನು ಶಾಲೆಗೆ ಕಳಿಸದಿದ್ದರೂ ಶಾಲೆಗೆಂದು ಹಣ ಕೊಡುತ್ತಿದ್ದನು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆಯು ಆತನಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಈ ಅನ್ಯಾಯವನ್ನು ತಿದ್ದುವ ಯತ್ನಗಳು ನಡೆಯದೆ ಇರಲಿಲ್ಲ. ೧೮೮೪ರ ಕಾಯಿದೆಯಿಂದ ಲೋಕಲ್ ಬೋರ್ಡುಗಳು ಹುಟ್ಟಿದವು. ೧೯೨೩ರ ಮುಂಬಯಿ ಪ್ರಾಥಮಿಕ ಶಿಕ್ಷಣದ ಕಾಯಿದೆಯು ಶಾಲೆಗಳನ್ನು ಸ್ಥಾನಿಕ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು; ೧೯೪೭ರ ಕಾಯಿದೆಯೂ ಜಿಲ್ಲಾ ಸ್ಕೂಲ್ ಬೋರ್ಡುಗಳನ್ನು ಇರಿಸಿಕೊಂಡಿತು. ಅಂಥ ಬೋರ್ಡುಗಳಲ್ಲಿ ಪಕ್ಷಪಾತಕ್ಕೂ ಮಾಸ್ತರರ ವರ್ಗಾವಣೆಯ ರಾಜಕಾರಣಕ್ಕೂ ಎಡೆಯಿತ್ತು. ಹೆಣ್ಣುಮಕ್ಕಳ ದನಿಯಂತೂ ಅಲ್ಲಿಗೆ ಮುಟ್ಟುವುದು ವಿರಳ. ಆ ಕಾಲವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಆದರೂ ಶಾಲೆಯ ಬಗೆಗೆ ಉತ್ತರ ಹೇಳಬೇಕಾದವರು ಜಿಲ್ಲೆಯೊಳಗೇ ಕುಳಿತಿರುತ್ತಿದ್ದರೆಂಬ ಒಂದು ಗುಣ ಆ ಏರ್ಪಾಡಿಗೆ ಇತ್ತು.

ಇಂದಿನ ಏರ್ಪಾಡು ನಿಚ್ಚಣಿಕೆಯಂತಿದೆ. ಮುಖ್ಯಾಧ್ಯಾಪಕರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಅವರ ಮೇಲೆ ಗದಗಿನಲ್ಲಿ ಉಪನಿರ್ದೇಶಕರು. ಅವರ ಮೇಲೆ ಧಾರವಾಡದಲ್ಲಿ ಅಪರ ಆಯುಕ್ತರು. ಎಲ್ಲರ ಮೇಲೆ ಬೆಂಗಳೂರಿನಲ್ಲಿ ಸರಕಾರ. ಶಿಕ್ಷಕರನ್ನು ನೇಮಿಸುವವರೂ ವರ್ಗಮಾಡುವವರೂ ಊರಿನವರಲ್ಲ. ಪ್ರಜೆಗಳ ಕೈಗೆ ಎಟಕುವಂತೆ ಕಾಯಿದೆಯು ಎರಡು ಮೆಟ್ಟಿಲುಗಳನ್ನು ಮಾತ್ರ ಇಟ್ಟಿದೆ. ಅವುಗಳಲ್ಲಿ ಮೊದಲನೆಯದು ಜಿಲ್ಲಾ ಪಂಚಾಯತಿ. ೧೯೯೩ರ ಪಂಚಾಯತ ರಾಜ್ ಕಾಯಿದೆಯು ಅದಕ್ಕೆ ಶಿಕ್ಷಣ ಮತ್ತು ಆರೋಗ್ಯದ ಸ್ಥಾಯಿ ಸಮಿತಿಯೊಂದನ್ನು ವಿಧಿಸಿತು; ಚುನಾಯಿತ ಸದಸ್ಯರು ಅಧಿಕಾರಿಗಳನ್ನು ಎದುರಿಗೆ ಕೂಡಿಸಿಕೊಂಡು ಲೆಕ್ಕ ಕೇಳಬೇಕಾದ ಸ್ಥಳವದು. ಆದರೆ ೨೦೧೬ರಲ್ಲಿ ಆರಿಸಿಬಂದ ಪಂಚಾಯತಿಗಳ ಅವಧಿಯು ೨೦೨೧ರಲ್ಲಿ ಮುಗಿಯಿತು. ೨೦೨೪ ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಕೆಲಸವನ್ನು ಸಾಗಿಸಿದರು. ಆದರೆ ಕೆಲಸ ಮಾಡುವವರೇ ಅದರ ಲೆಕ್ಕವನ್ನೂ ಕೇಳಬೇಕಾದಂತಾಯಿತು.

ಎರಡನೆಯ ಮೆಟ್ಟಿಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ೨೦೦೧ರಲ್ಲಿ ಸರಕಾರದ ಆಜ್ಞೆಯಿಂದ ಇದು ಹುಟ್ಟಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳಿರಬೇಕು, ಅರ್ಧ ಪಾಲು ಸ್ತ್ರೀಯರಿರಬೇಕು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಮಿತಿಯೇ ಸಿದ್ಧಪಡಿಸಬೇಕು ಎಂದು ವಿಧಿಸಿತು. ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ. ಆದರೆ ಮುಂಜಾನೆ ಕೂಲಿಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮರಳುವ ತಾಯಿಯು ಹಗಲು ಹನ್ನೊಂದು ಗಂಟೆಯ ಸಭೆಗೆ ಬರುವುದೆಂತು? ಆಕೆಯ ಹೆಬ್ಬೆಟ್ಟಿನ ಗುರುತು ಠರಾವಿನ ಪುಸ್ತಕದಲ್ಲಿ ಬಿದ್ದ ಮಾತ್ರಕ್ಕೆ ಆಕೆಯ ಅಭಿಪ್ರಾಯವು ಸಭೆಗೆ ಬಂದಂತಾಗುವುದಿಲ್ಲ.

ಇನ್ನು ಹಣದ ಮಾತು. ಶಿಕ್ಷಕರ ವೇತನವನ್ನೂ ಬಿಸಿಯೂಟವನ್ನೂ ಬಿಟ್ಟರೆ ಸರಕಾರಿ ಶಾಲೆಯ ಕೈಗೆ ನೇರವಾಗಿ ಬರುವ ಮುಖ್ಯವಾದ ಹಣವೆಂದರೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಆ ಯೋಜನೆಯ ವೆಚ್ಚದಲ್ಲಿ ನೂರಕ್ಕೆ ೬೦ ಕೇಂದ್ರದ್ದು, ೪೦ ರಾಜ್ಯದ್ದು. ಗೊತ್ತುಪಡಿಸಿದ ಪ್ರಮಾಣದಂತೆ ೩೦ರ ವರೆಗೆ ಮಕ್ಕಳಿರುವ ಶಾಲೆಗೆ ವರುಷಕ್ಕೆ ೧೦,೦೦೦ ರೂಪಾಯಿ, ೧೦೦ರ ವರೆಗೆ ೨೫,೦೦೦, ೨೫೦ರ ವರೆಗೆ ೫೦,೦೦೦. ನೂರು ಮಕ್ಕಳ ಶಾಲೆಯಲ್ಲಿ ಇದು ಮಗುವೊಂದಕ್ಕೆ ವರುಷಕ್ಕೆ ೨೫೦ ರೂಪಾಯಿ. ದಿನಕ್ಕೆ ಒಂದು ರೂಪಾಯಿಗೂ ಕಡಿಮೆ. ಇದರಲ್ಲಿಯೇ ಸೀಮೆಸುಣ್ಣ, ವಿದ್ಯುತ್ತಿನ ಬಿಲ್ಲು, ಸಣ್ಣಪುಟ್ಟ ದುರಸ್ತಿ. ಹತ್ತನೆಯ ಒಂದು ಪಾಲಾದರೂ ನೈರ್ಮಲ್ಯಕ್ಕೆ ಹೋಗಬೇಕು. ಮಕ್ಕಳ ತಲೆಯೆಣಿಕೆಯಂತೆ ಹಣ ಬರುವುದು ನ್ಯಾಯವೆಂದು ತೋರುತ್ತದೆ. ಆದರೆ ಇಪ್ಪತ್ತೈದು ಮಕ್ಕಳ ತಾಂಡೆಯ ಶಾಲೆಯ ಮಾಳಿಗೆಯು ದೊಡ್ಡ ಶಾಲೆಯ ಮಾಳಿಗೆಯಷ್ಟೇ ಸೋರುತ್ತದೆ. ಖಾಲಿ ಬಿದ್ದ ಶಿಕ್ಷಕರ ಸ್ಥಳಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸುವ ವಾಡಿಕೆಯೂ ಬೆಳೆದಿದೆ. ವರುಷಾಂತ್ಯಕ್ಕೆ ಬಿಡುಗಡೆಯಾಗುವ ಈ ಅತಿಥಿಯನ್ನು ಹುಡುಗಿಯು ತನ್ನ ಗುರುವೆಂದು ಎಷ್ಟು ಕಾಲ ನೆಚ್ಚಿರಬೇಕು?

ಫಲಿತಾಂಶದ ವಿಷಯದಲ್ಲಿ ಸರಾಸರಿಯ ಅಂಕಿಯನ್ನು ನಂಬಿ ನಿಶ್ಚಿಂತರಾಗುವವರಿಗೆ ನಾವು ಒಂದು ಲೆಕ್ಕವನ್ನು ತೋರಿಸಬಯಸುತ್ತೇವೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಅಕ್ಷರಸ್ಥರ ಪ್ರಮಾಣವು ನೂರಕ್ಕೆ ೭೫.೩೬; ಗದಗ ಜಿಲ್ಲೆಯದು ೭೫.೧೨. ಇವೆರಡೂ ಹೆಚ್ಚುಕಡಿಮೆ ಸಮವೆಂದು ಯಾರಾದರೂ ಹೇಳಿಯಾರು. ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ಗಂಡಸರಲ್ಲಿ ರಾಜ್ಯದ ಪ್ರಮಾಣ ೮೨.೪೭ ಇದ್ದರೆ ನಮ್ಮ ಜಿಲ್ಲೆಯದು ೮೪.೬೬, ಹೆಂಗಸರಲ್ಲಿ ರಾಜ್ಯದ್ದು ೬೮.೦೮ ಇದ್ದರೆ ನಮ್ಮದು ೬೫.೪೪. ಅಂದರೆ ನಮ್ಮ ಗಂಡಸರು ನಾಡಿಗಿಂತ ಮುಂದೆ, ನಮ್ಮ ಹೆಂಗಸರು ನಾಡಿಗಿಂತ ಹಿಂದೆ. ಅಣ್ಣನ ಓದು ತಂಗಿಯ ಕೊರತೆಯನ್ನು ಮುಚ್ಚಿ, ಸರಾಸರಿಯನ್ನು ಅಂದಗಾಣಿಸಿತು.

ಹತ್ತನೆಯ ಇಯತ್ತೆಯ ಪರೀಕ್ಷೆಯ ಅಂಕಿಗಳೂ ಹೀಗೆಯೇ ಕಣ್ಣು ಕಟ್ಟುತ್ತವೆ. ಇಡೀ ರಾಜ್ಯದಲ್ಲಿ ೨೦೨೩ರಲ್ಲಿ ನೂರಕ್ಕೆ ೮೩.೮೯ ಮಂದಿ ಉತ್ತೀರ್ಣರಾಗಿದ್ದರು. ೨೦೨೪ರಲ್ಲಿ ಪರೀಕ್ಷಾಕೋಣೆಗಳಲ್ಲಿ ಕ್ಯಾಮರಾ ಇಟ್ಟು ಕಾವಲು ಬಿಗಿಮಾಡಿದೊಡನೆ ಅದು ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ವರುಷ ಹುಡುಗಿಯರು ೮೧.೧೧, ಹುಡುಗರು ೬೫.೯೦. ಹುಡುಗಿಯರು ಮುಂದಾದುದು ಸಂತೋಷವೇ. ಆದರೆ ಈ ಅಂಕಿಯು ಪರೀಕ್ಷೆಗೆ ಬಂದು ಕುಳಿತವರದು. ಒಂಬತ್ತನೆಯ ಇಯತ್ತೆಯಲ್ಲಿ ಮನೆಯಲ್ಲುಳಿದವಳು, ಮದುವೆಯಾಗಿ ಹೋದವಳು, ಸುಗ್ಗಿ ಮುಗಿದೊಡನೆ ತಂದೆತಾಯಿಗಳ ಬೆನ್ನಿಗೆ ಗೋವೆಯ ಕಡೆಗೆ ದುಡಿಯಲು ನಡೆದವಳು, ಇವರು ಅನುತ್ತೀರ್ಣರ ಪಟ್ಟಿಯಲ್ಲಿ ಕೂಡ ಇಲ್ಲ. ಶಿಕ್ಷಣದ ಹಕ್ಕಿನ ಕಾಯಿದೆಯ ಆಸರೆಯು ಹದಿನಾಲ್ಕನೆಯ ವರುಷಕ್ಕೆ ಮುಗಿಯುತ್ತದೆ. ಹುಡುಗಿಗೆ ಆಸರೆಯು ಅತ್ಯಗತ್ಯವಾಗುವುದು ಆ ವಯಸ್ಸಿನಿಂದಲೇ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯು ಮನೆಯ ಹತ್ತಿರವಿದ್ದರೂ ಹೈಸ್ಕೂಲು ದೂರದಲ್ಲಿರುತ್ತದೆ. ೨೦೦೬-೦೭ರಲ್ಲಿ ಆರಂಭವಾದ ಸೈಕಲ್ ಹಂಚಿಕೆಯು ಮಹಾಮಾರಿಯ ವರುಷ ನಿಂತಿತು. ೨೦೨೩ರ ಜೂನ ತಿಂಗಳಿನಿಂದ ಸ್ತ್ರೀಯರಿಗೆ ಸರಕಾರಿ ಬಸ್ಸಿನ ಪ್ರಯಾಣವು ಉಚಿತವಾದುದು ದೊಡ್ಡ ಉಪಕಾರ. ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಬಾರದ ಹಳ್ಳಿಯಲ್ಲಿ ಆ ಉಪಕಾರವು ಯಾರನ್ನು ಮುಟ್ಟೀತು?

ಈ ಕಳೆದುಹೋದ ಹುಡುಗಿಯ ಸುದ್ದಿ ಸರಕಾರಕ್ಕೆ ತಿಳಿಯದೆಂದಲ್ಲ. ಪ್ರತಿಯೊಂದು ಮಗುವಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದು ಶಾಲೆಯಿಂದ ಶಾಲೆಗೆ ಹೋಗುವುದನ್ನು ಗುರುತಿಸುವ ಗಣಕ ವ್ಯವಸ್ಥೆಯನ್ನು ಶಿಕ್ಷಣ ಇಲಾಖೆಯು ಸ್ಯಾಟ್ಸ್ ಎಂಬ ಹೆಸರಿನಿಂದ ನಡೆಸುತ್ತಿದೆ. ಮುಖ್ಯಾಧ್ಯಾಪಕರು ಬಿಡುವಿಲ್ಲದೆ ಅದಕ್ಕೆ ಅಂಕಿಗಳನ್ನು ತುಂಬುತ್ತಾರೆ. ಆ ಅಂಕಿಗಳೆಲ್ಲ ಮೇಲಕ್ಕೆ ಹೋಗುತ್ತವೆ. ಓಣಿಯ ತಾಯಂದಿರ ಬಳಿಗೆ ಇಳಿದುಬರುವುದಿಲ್ಲ. ನಮ್ಮ ಮತದಲ್ಲಿ ಇದೇ ಮೂಲದೋಷ.

ಆದುದರಿಂದ ನಾವು ಸೂಚಿಸುವುದಿಷ್ಟು. ವರುಷಕ್ಕೆರಡು ಸಲ, ಕೂಲಿಯವರಿಗೆ ಅನುಕೂಲವಾದ ಸಾಯಂಕಾಲದಲ್ಲಿ, ಪ್ರತಿಯೊಂದು ಶಾಲೆಯೂ ತಂದೆತಾಯಿಗಳನ್ನು ಕೂಡಿಸಿ ಮೂರು ಲೆಕ್ಕಗಳನ್ನು ತಿಳಿಗನ್ನಡದಲ್ಲಿ ಗಟ್ಟಿಯಾಗಿ ಓದಿಹೇಳಲಿ. ಬಂದ ಹಣವೆಷ್ಟು, ಯಾವುದಕ್ಕೆ ವೆಚ್ಚವಾಯಿತು. ಶಿಕ್ಷಕರ ಸ್ಥಳಗಳೆಷ್ಟು, ಖಾಲಿ ಎಷ್ಟು. ಮೊದಲನೆಯ ಇಯತ್ತೆಗೆ ಸೇರಿದ ಹುಡುಗಿಯರೆಷ್ಟು, ಈಗ ಓದುತ್ತಿರುವವರೆಷ್ಟು, ಉಳಿದವರೇನಾದರು. ಯಾವ ಹುಡುಗಿಯ ಹೆಸರನ್ನೂ ಸಭೆಯಲ್ಲಿ ಎತ್ತುವುದು ಬೇಡ. ಆಕೆಯ ಮನೆಗೆ ಶಿಕ್ಷಕಿಯೊಬ್ಬಳು ಹೋಗಿ ಬರಲಿ. ಜಿಲ್ಲಾ ಪಂಚಾಯತಿಯ ಚುನಾವಣೆಯು ಕಾಲಕಾಲಕ್ಕೆ ತಪ್ಪದೆ ನಡೆದು, ಊರೂರಿನ ಈ ಲೆಕ್ಕಗಳು ಶಿಕ್ಷಣ ಸಮಿತಿಯ ಮುಂದೆ ಬರಲಿ.

ಓದು ಬಾರದ ತಂದೆತಾಯಿಗಳಿಗೆ ಲೆಕ್ಕ ಹೇಳಿ ಪ್ರಯೋಜನವೇನು, ಸಭೆಯು ಪಕ್ಷಗಳ ಜಗಳವಾದೀತು ಎಂದು ಕೆಲವರು ಆಕ್ಷೇಪಿಸುವರು. ಸ್ವಸಹಾಯ ಸಂಘದಲ್ಲಿ ವಾರವಾರವೂ ಉಳಿತಾಯದ ಲೆಕ್ಕವನ್ನು ಬಾಯಿಯಲ್ಲೇ ಒಪ್ಪಿಸುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಹತ್ತು ಸಾವಿರ ರೂಪಾಯಿಗಳ ಲೆಕ್ಕ ಅವರಿಗೆ ತಿಳಿಯದೆ ಹೋಗದು. ಜಗಳದ ಭಯವಿದೆ, ನಿಜ. ಆದರೆ ಮುಚ್ಚಿಟ್ಟ ಲೆಕ್ಕದಿಂದ ಹುಟ್ಟುವ ಸಂಶಯಕ್ಕಿಂತ ತೆರೆದ ಲೆಕ್ಕದಿಂದ ಹುಟ್ಟುವ ಜಗಳವೇ ಮೇಲು.

ಈ ಮಾತನ್ನು ನಾವು ಪರರಿಗೆ ಮಾತ್ರ ಹೇಳುತ್ತಿಲ್ಲ. ೨೦೧೨ರ ತಿದ್ದುಪಡಿಯು ಅಲ್ಪಸಂಖ್ಯಾತರ ಶಾಲೆಗಳಲ್ಲಿ ಪಾಲಕರ ಸಮಿತಿಯ ಅಧಿಕಾರವನ್ನು ಸಲಹೆಗಷ್ಟೇ ಸೀಮಿತಗೊಳಿಸಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣದ ಹಕ್ಕಿನ ಕಾಯಿದೆಯೇ ಅಂಥ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪನ್ನು ಮತ್ತೆ ವಿಚಾರಿಸಬೇಕಾದೀತೆಂದು ೨೦೨೫ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಅಭಿಪ್ರಾಯಪಟ್ಟಿತು. ನ್ಯಾಯಾಲಯದ ನಿರ್ಣಯವು ಏನೇ ಆಗಲಿ, ಮನೆವಾರ್ತೆಯವನು ಲೆಕ್ಕ ಒಪ್ಪಿಸಬೇಕೆಂಬ ಸ್ವಾಮಿಯ ಸಾಮ್ಯವನ್ನು ದಿನವೂ ಓದುವ ನಮಗೆ ಕಾಯಿದೆಯ ಒತ್ತಾಯ ಬೇಕಾಗಿಲ್ಲ. ಸರಕಾರದ ಸಹಾಯಧನವು ಪ್ರಜೆಗಳ ಹಣ. ಮೇಲೆ ಹೇಳಿದ ಮೂರು ಲೆಕ್ಕಗಳನ್ನು ಮಿಶನ್ ಶಾಲೆಗಳು ಮೊದಲು ಓದಿ ಮೇಲ್ಪಂಕ್ತಿ ಹಾಕುವುದು ಉಚಿತ.

ನೂರು ಕುರಿಗಳಲ್ಲಿ ಒಂದು ತಪ್ಪಿಹೋದುದು ಕುರುಬನಿಗೆ ತಿಳಿದುದು ಆತನು ಸಂಜೆ ಎಣಿಸಿದುದರಿಂದ. ನಮ್ಮ ಶಾಲೆಯಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಲ್ಲಿ ಸಂಸಾರ ಮಾಡಿಕೊಂಡಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಊರಿನ ಶಾಲಾಸಮಿತಿಗೆ ಹೋಗಿ ಕುಳಿತು, ಎಣಿಕೆಯು ಸರಿಯಾಗಿ ನಡೆಯುವಂತೆ ನೋಡಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಅವರಿಗೆ ಅದಕ್ಕೆ ತಕ್ಕ ಧೈರ್ಯವನ್ನೂ ತಾಳ್ಮೆಯನ್ನೂ ದೇವರು ಅನುಗ್ರಹಿಸಲಿ.